ಮನೆ ಕಂದಾಯ ಜಾಸ್ತಿ ಬಂದಿದೆಯಾ? ಮೈಸೂರಿನಲ್ಲಿ ಆಕ್ಷೇಪಣೆ ಸಲ್ಲಿಸುವ ಬಗೆ

ನಮ್ಮ ಅಪ್ಪ ಕಂದಾಯದ ರಸೀದಿಗಳನ್ನು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಖಾತೆಯನ್ನು ಅಮ್ಮನ ಹೆಸರಿಗೆ ಮಾಡಿಸಬೇಕಾಯಿತು. ಆಗ ಆ ಡಬ್ಬಿ ತೆಗೆದು ರಸೀದಿಗಳನ್ನು ವರ್ಷವಾರು ಜೋಡಿಸಿದೆ. ನಡುವೆ ಒಂದು ವರ್ಷ ಮೊತ್ತ ಸುಮಾರು ಒಂದೂವರೆ ಪಟ್ಟಾಗಿತ್ತು. ಅಲ್ಲಿಂದ ಮುಂದೆ ಹಾಗೇ ಉಳಿದಿತ್ತು. ಹುಡುಕಿದರೆ ಕಾರಣ ತಾರಸಿಯ ಮೇಲಿತ್ತು. ಬಟ್ಟೆ ಒಣಗಿಸಲೆಂದು ನಾಲ್ಕು ಕಂಬ ನೆಟ್ಟು ಶೀಟು ಹಾಕಿಸಿದ್ದೆವು. ಅಪ್ಪ ಅದನ್ನು ನಮೂನೆಯಲ್ಲಿ ‘ಮೊದಲ ಮಹಡಿ, ಆರ್‌ಸಿಸಿ’ ಎಂದು ತುಂಬಿದ್ದರು. ಯಾರೂ ಅವರಿಗೆ ಮೋಸ ಮಾಡಿರಲಿಲ್ಲ. ಒಂದು ಸಾಲು ತಪ್ಪಾಗಿತ್ತು, ಅದೇ ಸಾಲು ಆರು ವರ್ಷ ನಕಲಾಗುತ್ತಾ ಬಂದಿತ್ತು.

ಅದಾದ ಮೇಲೆ ನೆಂಟರಿಗೆ, ಅಕ್ಕಪಕ್ಕದವರಿಗೆ ಇದೇ ಕೆಲಸದಲ್ಲಿ ಜೊತೆಯಾಗಿದ್ದೇನೆ. ಯಾರು ಕೇಳಿದರೂ ನಾನು ಹೇಳುವುದು ಒಂದೇ ಮಾತು. ‘ಕಂದಾಯ ಜಾಸ್ತಿ ಆಯ್ತು, ಕಡಿಮೆ ಮಾಡಿ’ ಎಂದು ಕೇಳಿದರೆ ಕೆಲಸ ಆಗುವುದಿಲ್ಲ. ‘ದಾಖಲೆಯ ಈ ಸಾಲು ತಪ್ಪು, ಸರಿಯಾದದ್ದು ಇದು, ಇಲ್ಲಿದೆ ಪುರಾವೆ’ ಎಂದರೆ ಆಗುತ್ತದೆ.

ಮೊದಲು ಲೆಕ್ಕ ತಿಳಿದುಕೊಳ್ಳಿ

ಮೈಸೂರು ಮಹಾನಗರ ಪಾಲಿಕೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಂತೆ ಕಂದಾಯ ವಸೂಲಿ ಮಾಡುತ್ತದೆ. ಮಂಡ್ಯ ನಗರಸಭೆಗೆ 1964ರ ಪೌರಸಭೆಗಳ ಕಾಯ್ದೆ. ಎರಡು ಕಡೆಯೂ ಇರುವುದು ಬಂಡವಾಳ ಮೌಲ್ಯದ (ನಿವೇಶನ, ಕಟ್ಟಡದ ಬೆಲೆಯ ಮೇಲೆ ತೆರಿಗೆ ಹಾಕುವ) ಪದ್ಧತಿ, ಮತ್ತು ಸ್ವಯಂ ಘೋಷಣೆ. ಅಂದರೆ ಮನೆಯ ವಿವರ ಬರೆದುಕೊಡುವವರು ನಾವೇ. ಹಾಗಾಗಿ ಎಷ್ಟೋ ತಪ್ಪುಗಳು ನಮ್ಮ ಕೈಯಿಂದಲೇ ಹುಟ್ಟಿರುತ್ತವೆ. ಕಚೇರಿಗೆ ಹೋಗುವ ಮುನ್ನ ಇದು ಮನಸ್ಸಿನಲ್ಲಿದ್ದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಯೂಟ್ಯೂಬಿನಲ್ಲಿ ಸಿಗುವ ಹೆಚ್ಚಿನ ವಿಡಿಯೊಗಳು ಬೆಂಗಳೂರಿನವು. ಅಲ್ಲಿ ಬಡಾವಣೆಗಳನ್ನು ವಲಯಗಳಾಗಿ ಭಾಗ ಮಾಡಿ ಚದರಡಿಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಆ ಸೂತ್ರ ಹಿಡಿದು ಮೈಸೂರಿನ ಮನೆಗೆ ಲೆಕ್ಕ ಹಾಕಿದರೆ ಎಲ್ಲವೂ ತಪ್ಪಾಗಿಯೇ ಕಾಣುತ್ತದೆ.

ನಮ್ಮಲ್ಲಿ ಲೆಕ್ಕಕ್ಕೆ ಬರುವುದು ಇಷ್ಟು: ನಿವೇಶನದ ಅಳತೆ, ಆ ರಸ್ತೆ ಅಥವಾ ಬಡಾವಣೆಗೆ ನೋಂದಣಿ ಇಲಾಖೆ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ, ಕಟ್ಟಡದ ಅಳತೆ, ಕಟ್ಟಡದ ಬಗೆ (ಆರ್‌ಸಿಸಿಯೋ, ಹೆಂಚೋ, ಶೀಟೋ), ಕಟ್ಟಿದ ವರ್ಷ, ಮತ್ತು ವಾಸಕ್ಕೋ ವ್ಯಾಪಾರಕ್ಕೋ ಎನ್ನುವುದು. ಹಳೆಯ ಕಟ್ಟಡಕ್ಕೆ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ಹಾಗೆ ಬಂದ ಮೌಲ್ಯದ ಮೇಲೆ ತೆರಿಗೆಯ ದರ. ವ್ಯಾಪಾರದ ದರ ವಾಸದ ದರಕ್ಕಿಂತ ಜಾಸ್ತಿ.

ತೆರಿಗೆಯ ಮೇಲೆ ಉಪಕರಗಳು ಕೂಡುತ್ತವೆ. ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3, ನಗರ ಸಾರಿಗೆಗೆ ಶೇ. 2. ಒಟ್ಟು ಶೇ. 26. ಕಸದ ಶುಲ್ಕ ಬೇರೆ. ಹೀಗಾಗಿ ಮೂಲ ತೆರಿಗೆಯಲ್ಲಿ 1,000 ರೂಪಾಯಿ ತಪ್ಪಾದರೆ ನಿಮ್ಮ ಜೇಬಿನಿಂದ ಹೋಗುವುದು 1,260 ರೂಪಾಯಿ.

ಎರಡು ವರ್ಷದ ಚಲನ್ ಪಕ್ಕಪಕ್ಕ ಇಡಿ

ಹೋದ ವರ್ಷದ್ದು, ಈ ವರ್ಷದ್ದು ಎರಡೂ ಚಲನ್ ತೆಗೆದುಕೊಳ್ಳಿ. ಒಟ್ಟು ಮೊತ್ತ ನೋಡಬೇಡಿ, ಒಂದೊಂದೇ ಸಾಲು ನೋಡಿ. ಪೆನ್ಸಿಲ್ ಹಿಡಿದು ಕೂತರೆ ಅರ್ಧ ಗಂಟೆಯ ಕೆಲಸ. ಇಡೀ ಪ್ರಕ್ರಿಯೆಯಲ್ಲಿ ಅತಿ ಬೆಲೆಬಾಳುವ ಅರ್ಧ ಗಂಟೆ ಇದೇ.

ಶೇ. 3ರಿಂದ 5ರೊಳಗಿನ ಏರಿಕೆ ಕಂಡರೆ ಅದು ವಾರ್ಷಿಕ ಪರಿಷ್ಕರಣೆ. ಅದಕ್ಕಾಗಿ ಅಲೆಯಬೇಡಿ. ಅದಕ್ಕಿಂತ ಜಾಸ್ತಿ ಜಿಗಿದಿದ್ದರೆ ಯಾವುದೋ ಒಂದು ಸಾಲು ಬದಲಾಗಿರಲೇಬೇಕು. ನಾನು ಮತ್ತೆ ಮತ್ತೆ ಕಂಡ ತಪ್ಪುಗಳನ್ನು ಹೇಳುತ್ತೇನೆ.

ಅಳತೆಯ ತಪ್ಪು ಎಲ್ಲಕ್ಕಿಂತ ಹೆಚ್ಚು. ನಮ್ಮ ಬಾಯಲ್ಲಿ ಎಲ್ಲವೂ ಅಡಿ ಲೆಕ್ಕ. ‘ಮೂವತ್ತು ನಲವತ್ತು ಸೈಟು’ ಎನ್ನುತ್ತೇವೆ. ದಾಖಲೆಯಲ್ಲಿ ಚದರ ಮೀಟರ್ ಇರುತ್ತದೆ. 30x40 ಎಂದರೆ 1,200 ಚದರಡಿ, ಅಂದರೆ 111.48 ಚದರ ಮೀಟರ್. ಒಂದು ಚದರ ಮೀಟರಿಗೆ 10.764 ಚದರಡಿ. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಒಮ್ಮೆ ಭಾಗಿಸಿ ನೋಡಿ. ಇನ್ನೊಂದು, ನಿವೇಶನದ ಅಳತೆಯನ್ನೇ ಕಟ್ಟಡದ ಅಳತೆ ಎಂದು ಬರೆದಿರುವುದು. 30x40 ಸೈಟಿನಲ್ಲಿ ನಾಲ್ಕು ಕಡೆ ಜಾಗ ಬಿಟ್ಟು 24x33 ಕಟ್ಟಿದ್ದರೆ ಕಟ್ಟಡ 792 ಚದರಡಿ ಮಾತ್ರ. 1,200 ಎಂದು ಬರೆದಿದ್ದರೆ ಪ್ರತಿ ಮಹಡಿಗೂ 408 ಚದರಡಿ ಸುಮ್ನೆ ಹೆಚ್ಚುವರಿ ಕಟ್ಟುತ್ತಿದ್ದೀರಿ.

ಬಳಕೆಯ ತಪ್ಪು ದುಬಾರಿ. ಮುಂದಿನ ಕೋಣೆಯಲ್ಲಿ ಹಿಂದೆ ಯಾವಾಗಲೋ ಒಂದು ಅಂಗಡಿ ಇತ್ತು. ಮುಚ್ಚಿ ವರ್ಷಗಳಾದವು. ಈಗ ಅಲ್ಲಿ ಅಜ್ಜಿ ಮಲಗುತ್ತಾರೆ. ದಾಖಲೆಯಲ್ಲಿ ಮಾತ್ರ ಅದು ಇನ್ನೂ ವಾಣಿಜ್ಯ. ಸರಸ್ವತಿಪುರಂ, ಅಗ್ರಹಾರದಂಥ ಹಳೆಯ ಭಾಗಗಳಲ್ಲಿ ಇಂಥ ಮನೆಗಳು ಬಹಳ. ಅಂಗಡಿ ನಿಲ್ಲಿಸಿದ ದಿನ ಯಾರೂ ಕಂದಾಯದ ನೆನಪು ಮಾಡಿಕೊಳ್ಳುವುದಿಲ್ಲ, ಅಲ್ವಾ?

ಕಟ್ಟಿದ ವರ್ಷ ತಪ್ಪಾಗಿದ್ದರೆ ಸವಕಳಿ ತಪ್ಪುತ್ತದೆ. 1988ರಲ್ಲಿ ಕಟ್ಟಿದ ಮನೆಗೆ ಖಾತೆ ಬದಲಾದ ವರ್ಷವನ್ನೇ ಕಟ್ಟಿದ ವರ್ಷ ಎಂದು ನಮೂದಿಸಿದರೆ ಹಳೆಯ ಮನೆ ದಾಖಲೆಯಲ್ಲಿ ಹೊಸದಾಗುತ್ತದೆ.

ರಸ್ತೆಯ ಹೆಸರನ್ನೂ ನೋಡಿ. ಮುಖ್ಯರಸ್ತೆಗೂ ಒಳಗಿನ ಅಡ್ಡರಸ್ತೆಗೂ ಮಾರ್ಗಸೂಚಿ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇರುತ್ತದೆ. ನಿಮ್ಮ ಮನೆ ಅಡ್ಡರಸ್ತೆಯಲ್ಲಿದ್ದು ಲೆಕ್ಕ ಮುಖ್ಯರಸ್ತೆಯ ಬೆಲೆಯಲ್ಲಿ ಹಾಕಿದ್ದರೆ ಅದು ನ್ಯಾಯವಾದ ಆಕ್ಷೇಪಣೆ. ಆ ಬೆಲೆಯನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ನೋಡಬಹುದು.

ಕೊನೆಯದು ಬಾಕಿ. ಕಂದಾಯ ಕಟ್ಟಿದ ವರ್ಷಕ್ಕೂ ಬಾಕಿ ತೋರಿಸುವುದುಂಟು. ಮೊದಲು ಮುಡಾ ಆಗಿದ್ದ ಮೈಸೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಕಂದಾಯ ಕಟ್ಟುತ್ತಿದ್ದ ಬಡಾವಣೆಗಳು ಪಾಲಿಕೆಗೆ ಹಸ್ತಾಂತರವಾದಾಗ ಹಳೆಯ ರಸೀದಿಗಳ ವಿವರ ಹೊಸ ದಾಖಲೆಗೆ ಸೇರದೆ ಉಳಿಯಬಹುದು. ಊರಂಚಿನವರೂ ಗಮನಿಸಿ. ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳು ಆದದ್ದು 2020ರಲ್ಲಿ. ಅದಕ್ಕೂ ಮೊದಲು ಅಲ್ಲಿ ಗ್ರಾಮ ಪಂಚಾಯಿತಿಗೆ ಕಟ್ಟುತ್ತಿದ್ದರು. ಆ ಕಾಲದ ರಸೀದಿಯನ್ನು, ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ನ್ನು ದಯವಿಟ್ಟು ಎಸೆಯಬೇಡಿ. ಒಂದೇ ಮನೆಗೆ ಎರಡು ಪಿಐಡಿ (ಆಸ್ತಿ ಗುರುತಿನ) ಸಂಖ್ಯೆ ಬಿದ್ದಿದ್ದರೆ ಒಂದರಲ್ಲಿ ಕಟ್ಟುತ್ತಾ ಹೋಗುತ್ತೀರಿ, ಇನ್ನೊಂದರಲ್ಲಿ ಬಾಕಿ ಬೆಳೆಯುತ್ತಾ ಹೋಗುತ್ತದೆ. ಇದನ್ನು ಕಂಡ ದಿನವೇ ಬರೆದುಕೊಡಿ.

ಟೇಪ್ ಹಿಡಿದು ಮನೆ ಅಳೆಯಿರಿ

ಮನೆಯ ಅಳತೆಯೇ ತಪ್ಪಾಗಿದೆ ಅನ್ನಿಸಿದರೆ ಮಂಜೂರಾದ ನಕ್ಷೆಯೊಂದನ್ನೇ ನಂಬಿಕೊಂಡು ಹೋಗಬೇಡಿ. ನಕ್ಷೆಯಲ್ಲಿ ಒಂದು, ಕಟ್ಟಿದ್ದು ಇನ್ನೊಂದು ಆಗಿರುವ ಮನೆಗಳೇ ಜಾಸ್ತಿ. ಗಾರೆ ಕೆಲಸದವರ ಬಳಿ ಇರುವ ಉದ್ದನೆಯ ಟೇಪ್ ತಂದು ಇಬ್ಬರು ಸೇರಿ ಹೊರಗೋಡೆಯಿಂದ ಹೊರಗೋಡೆಗೆ ಅಳೆಯಿರಿ. ಪ್ರತಿ ಮಹಡಿಯನ್ನೂ ಬೇರೆಯಾಗಿ ಬರೆಯಿರಿ. ಒಂದು ಬಿಳಿ ಹಾಳೆಯಲ್ಲಿ ನಕ್ಷೆ ಬಿಡಿಸಿ ಅಡಿ, ಮೀಟರ್ ಎರಡೂ ನಮೂದಿಸಿ. ಶೀಟು ಹಾಕಿದ ಭಾಗ, ತೆರೆದ ತಾರಸಿ, ಕಾರು ನಿಲ್ಲಿಸುವ ಜಾಗ ಇವನ್ನು ಬೇರೆಬೇರೆ ಗುರುತಿಸಿ. ಮೊಬೈಲಿನಲ್ಲಿ ಫೋಟೊ ತೆಗೆದು ಪ್ರಿಂಟ್ ಹಾಕಿಸಿ.

ಇಲ್ಲಿ ಪ್ರಾಮಾಣಿಕವಾಗಿರಿ. ಅಳೆದಾಗ ದಾಖಲೆಗಿಂತ ಮನೆ ದೊಡ್ಡದಿದೆ ಎಂದು ಗೊತ್ತಾಗಬಹುದು. ಮೇಲೆ ಕಟ್ಟಿದ ಕೋಣೆಯನ್ನು ಯಾರೂ ಬರೆಸಿರುವುದಿಲ್ಲ. ಆಕ್ಷೇಪಣೆ ಕೊಟ್ಟರೆ ಸ್ಥಳ ತನಿಖೆಗೆ ಬರುತ್ತಾರೆ. ಬಂದವರು ಇಡೀ ಮನೆ ನೋಡುತ್ತಾರೆ. ಆಗ ವ್ಯತ್ಯಾಸದ ಹಣ ದಂಡದ ಸಮೇತ ಬೀಳುತ್ತದೆ. ಹಾಗಿದ್ದರೆ ನೀವೇ ಮುಂದಾಗಿ ಸರಿಯಾದ ವಿವರ ತುಂಬಿಬಿಡುವುದು ಒಳ್ಳೆಯದು.

ಪುರಾವೆಗಳು

ಕ್ರಯಪತ್ರ ಅಥವಾ ಹಕ್ಕುಪತ್ರ, ಖಾತೆ ಅಥವಾ ಇ-ಖಾತೆಯ ಪ್ರತಿ, ಮಂಜೂರಾದ ನಕ್ಷೆ, ಸಿ.ಆರ್. ಎನ್ನುವ ಕಟ್ಟಡ ಪೂರ್ಣಗೊಂಡ ವರದಿ, ಹಿಂದಿನ ಮೂರು ವರ್ಷದ ಕಂದಾಯ ರಸೀದಿ. ಇವು ಎಲ್ಲರೂ ಹೇಳುವ ಪಟ್ಟಿ. ಎಲ್ಲರಿಗೂ ಹೊಳೆಯದ ಒಂದು ಕಾಗದ ಇದೆ: ಕರೆಂಟ್ ಬಿಲ್.

ಮನೆಗೆ ಸೆಸ್ಕ್ (ಇಲ್ಲಿನ ವಿದ್ಯುತ್ ಕಂಪನಿ) ಸಂಪರ್ಕ ಕೊಟ್ಟ ದಿನಾಂಕ ಕಟ್ಟಡದ ವಯಸ್ಸಿಗೆ ಸಾಕ್ಷಿ. ಬಿಲ್ಲಿನಲ್ಲಿರುವ ದರದ ವರ್ಗ ಬಳಕೆಗೆ ಸಾಕ್ಷಿ. ಗೃಹಬಳಕೆ ಎಂದು ಬಿಲ್ ಬರುತ್ತಿದ್ದರೆ, ಅದರಲ್ಲೂ ಗೃಹಜ್ಯೋತಿ ಯೋಜನೆಯ ಲಾಭ ಸಿಗುತ್ತಿದ್ದರೆ, ಅಲ್ಲಿ ವ್ಯಾಪಾರ ನಡೆಯುತ್ತಿಲ್ಲ ಎನ್ನಲು ಗಟ್ಟಿ ಆಧಾರ ಸಿಕ್ಕಿತು. ಹಿಂದೆ ಅಂಗಡಿಗೆ ಪ್ರತ್ಯೇಕ ಮೀಟರ್ ಇದ್ದು ಅದನ್ನು ವಾಪಸ್ ಕೊಟ್ಟಿದ್ದರೆ ಆ ಪತ್ರವನ್ನು ಹುಡುಕಿ. ವ್ಯಾಪಾರ ಪರವಾನಗಿ ರದ್ದು ಮಾಡಿಸಿದ ಕಾಗದ ಇದ್ದರೆ ಇನ್ನೂ ಒಳ್ಳೆಯದು. ವಾಣಿವಿಲಾಸ ನೀರು ಸರಬರಾಜಿನ ಬಿಲ್ ಕೂಡ ಇದೇ ಕೆಲಸಕ್ಕೆ ಬರುತ್ತದೆ.

ಮಾಜಿ ಸೈನಿಕರ ಸ್ವಂತ ವಾಸದ ಮನೆಗೆ ರಿಯಾಯಿತಿ ಇದೆ. ಚಲನ್‌ನಲ್ಲಿ ಅದು ಬಂದಿಲ್ಲದಿದ್ದರೆ ಗುರುತಿನ ಚೀಟಿಯ ಪ್ರತಿ ಜೊತೆಗಿಡಿ.

ಎಲ್ಲವೂ ಜೆರಾಕ್ಸ್ ಆಗಿರಲಿ. ಮೂಲ ಪ್ರತಿ ತೋರಿಸಿ, ಆದರೆ ಯಾರ ಕೈಗೂ ಕೊಟ್ಟು ಬರಬೇಡಿ.

ಕಟ್ಟಬೇಕೋ, ಬಿಡಬೇಕೋ?

ಕಟ್ಟಿಬಿಡಿ. ಇದು ನನ್ನ ಖಚಿತ ಅಭಿಪ್ರಾಯ. ಏಪ್ರಿಲ್ ಒಳಗೆ ಕಟ್ಟಿದರೆ ಶೇ. 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ. 2 ದಂಡ. ಕೆಲವು ವರ್ಷ ಸರ್ಕಾರ ರಿಯಾಯಿತಿಯ ಗಡುವನ್ನು ಮುಂದಕ್ಕೆ ಹಾಕಿದ್ದುಂಟು, ಅದನ್ನು ನಂಬಿ ಕೂರಬೇಡಿ. 6,000 ರೂಪಾಯಿ ಕಂದಾಯಕ್ಕೆ ತಿಂಗಳಿಗೆ 120 ರೂಪಾಯಿ ದಂಡ. ಜುಲೈನಿಂದ ಮಾರ್ಚ್‌ವರೆಗೆ 1,080. ಕೋಪದಲ್ಲಿ ಕಟ್ಟದೆ ಕೂತು, ಗೆದ್ದ ಹಣಕ್ಕಿಂತ ಜಾಸ್ತಿ ದಂಡ ತೆತ್ತವರನ್ನು ನೋಡಿದ್ದೇನೆ.

ಕಟ್ಟುವಾಗ ಒಂದು ಪತ್ರ ಕೊಡಿ: ‘ಈ ಮೊತ್ತವನ್ನು ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇನೆ, ಹೆಚ್ಚುವರಿ ಎಂದು ತೀರ್ಮಾನವಾದರೆ ಮುಂದಿನ ವರ್ಷಕ್ಕೆ ಹೊಂದಾಣಿಕೆ ಮಾಡಬೇಕು’ ಎಂದು. ಆಕ್ಷೇಪಣೆ ಇಲ್ಲದೆ ಒಪ್ಪಿ ಕಟ್ಟಿದ್ದೀರಿ ಎಂದು ನಾಳೆ ಯಾರೂ ಹೇಳುವಂತಿರಬಾರದು. ಮೇಲ್ಮನವಿಯ ಹಂತಕ್ಕೆ ಹೋದರೂ ತೆರಿಗೆ ಕಟ್ಟಿದವರ ಮಾತಿಗೆ ತೂಕ ಇರುತ್ತದೆ.

ಲಕ್ಷಗಟ್ಟಲೆ ಬಾಕಿಯ ನೋಟಿಸ್ ಬಂದು ಅದರಲ್ಲಿ ಹೆಚ್ಚಿನದು ತಪ್ಪು ಎಂದಾದರೆ ಮಾತು ಬೇರೆ. ಆಗ ಈ ವರ್ಷದ ಒಪ್ಪಿತ ಮೊತ್ತವನ್ನು ಕಟ್ಟಲು ಅವಕಾಶ ಕೊಡಿ ಎಂದು ಬರವಣಿಗೆಯಲ್ಲೇ ಕೇಳಿ.

ಪತ್ರ ಹೀಗಿರಲಿ

ನೋಟಿಸ್ ಬಂದಿದ್ದರೆ ಮೊದಲು ಅದರ ಮೇಲೆ ನಿಮ್ಮ ಕೈಗೆ ಬಂದ ದಿನಾಂಕ ಬರೆದಿಡಿ. ಲಕೋಟೆಯನ್ನೂ ಎತ್ತಿಡಿ. ಉತ್ತರಿಸಲು ಎಷ್ಟು ದಿನ ಎಂದು ಅದರಲ್ಲೇ ಇರುತ್ತದೆ. ಆ ದಿನ ದಾಟಿಸಬೇಡಿ. ಪುರಾವೆ ಪೂರ್ತಿ ಸಿಕ್ಕಿಲ್ಲದಿದ್ದರೂ ಸರಿ, ಸಣ್ಣ ಉತ್ತರ ಕೊಟ್ಟು ಕಾಲಾವಕಾಶ ಕೇಳಿ.

ಪತ್ರದಲ್ಲಿ ಮನೆಯ ಕಷ್ಟಸುಖ ಬೇಡ. ಒಂದು ಪುಟ ಸಾಕು. ನಾನು ಅಮ್ಮನ ಪರವಾಗಿ ಬರೆದದ್ದು ಸರಿಸುಮಾರು ಹೀಗಿತ್ತು:

‘ಮಾನ್ಯರೇ,
ವಿಷಯ: ಆಸ್ತಿ ತೆರಿಗೆ ವಿವರದಲ್ಲಿನ ತಪ್ಪು ಸರಿಪಡಿಸುವ ಬಗ್ಗೆ. ಪಿಐಡಿ ಸಂಖ್ಯೆ ____, ವಾರ್ಡ್ ____.
ಮೇಲ್ಕಂಡ ಸ್ವತ್ತು ನನ್ನ ಹೆಸರಿನಲ್ಲಿದೆ. ದಾಖಲೆಯಲ್ಲಿ ಮೊದಲ ಮಹಡಿ ____ ಚದರ ಮೀಟರ್ ಆರ್‌ಸಿಸಿ ಎಂದಿದೆ. ವಾಸ್ತವದಲ್ಲಿ ಅಲ್ಲಿ ಆರ್‌ಸಿಸಿ ಕಟ್ಟಡ ಇಲ್ಲ. ತಾರಸಿಯ ಮೇಲೆ ____ ಚದರ ಮೀಟರ್ ಜಾಗಕ್ಕೆ ಗೋಡೆಯಿಲ್ಲದ ಶೀಟಿನ ಚಾವಣಿ ಮಾತ್ರ ಇದೆ. ಅಳತೆಯ ನಕ್ಷೆ ಮತ್ತು ಫೋಟೊ ಲಗತ್ತಿಸಿದ್ದೇನೆ.
ದಯವಿಟ್ಟು ಸ್ಥಳ ತನಿಖೆ ಮಾಡಿ ದಾಖಲೆ ಸರಿಪಡಿಸಬೇಕು. ಹೆಚ್ಚುವರಿಯಾಗಿ ಪಾವತಿಸಿದ ಮೊತ್ತವನ್ನು ಮುಂದಿನ ಸಾಲಿಗೆ ಹೊಂದಾಣಿಕೆ ಮಾಡಬೇಕು. ಮನವಿ ಒಪ್ಪಲು ಸಾಧ್ಯವಿಲ್ಲದಿದ್ದರೆ ಕಾರಣ ತಿಳಿಸಿ ಲಿಖಿತ ಹಿಂಬರಹ ಕೊಡಬೇಕೆಂದು ಕೋರುತ್ತೇನೆ.’

ಕೊನೆಯ ಸಾಲನ್ನು ಬಿಡಲೇಬೇಡಿ. ಬಾಯಿಮಾತಿನ ‘ಆಗಲ್ಲ’ದ ಮೇಲೆ ಯಾರ ಮುಂದೆಯೂ ಮೇಲ್ಮನವಿ ಹಾಕಲಾಗುವುದಿಲ್ಲ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೈಯಲ್ಲಿದ್ದರೆ ಮುಂದಿನ ದಾರಿ ತೆರೆಯುತ್ತದೆ.

ಎಲ್ಲಿ ಕೊಡುವುದು

ಪಾಲಿಕೆಗೆ 65 ವಾರ್ಡ್, 9 ವಲಯ ಕಚೇರಿ. ನಿಮ್ಮ ವಾರ್ಡಿನ ವಲಯ ಕಚೇರಿಗೆ ಹೋಗಿ. ಸಯ್ಯಾಜಿರಾವ್ ರಸ್ತೆಯ ಮುಖ್ಯ ಕಚೇರಿಗೆ ಹೋದರೆ ಬಹುತೇಕ ಅಲ್ಲಿಂದ ವಲಯಕ್ಕೇ ಕಳಿಸುತ್ತಾರೆ. ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದು ಕೊಟ್ಟು ಇನ್ನೊಂದರ ಮೇಲೆ ಮೊಹರು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಮೊಹರು ಬೀಳದ ಪತ್ರ ಕೊಟ್ಟಿಲ್ಲದ ಪತ್ರಕ್ಕೆ ಸಮ. ‘ಇಟ್ಟು ಹೋಗಿ, ನೋಡ್ತೀವಿ’ ಎಂದರೆ ನಗುನಗುತ್ತಲೇ ಐದು ನಿಮಿಷ ನಿಂತು ಮೊಹರು ಹಾಕಿಸಿಕೊಂಡೇ ಬನ್ನಿ. ಏಪ್ರಿಲ್ ಕೊನೆಯ ವಾರ ಮಾತ್ರ ಹೋಗಬೇಡಿ. ರಿಯಾಯಿತಿಗೆ ಕಟ್ಟುವವರ ಸಾಲು ಬಾಗಿಲು ದಾಟಿರುತ್ತದೆ, ಯಾರಿಗೂ ನಿಮ್ಮ ಕಾಗದ ಓದಲು ಪುರುಸೊತ್ತು ಇರುವುದಿಲ್ಲ.

ಕಡತ ಮುಂದೆ ಕಂದಾಯ ನಿರೀಕ್ಷಕರಿಗೆ ಹೋಗುತ್ತದೆ. ಅವರು ಅಥವಾ ಬಿಲ್ ಕಲೆಕ್ಟರ್ ಮನೆಗೆ ಬಂದು ಅಳೆಯುತ್ತಾರೆ. ಆ ದಿನ ಮನೆಯಲ್ಲೇ ಇರಿ. ನಿಮ್ಮ ನಕ್ಷೆ ಕೈಯಲ್ಲಿರಲಿ. ಅವರು ಬರೆದ ಅಂಕಿಗಳನ್ನು ನೀವೂ ಬರೆದುಕೊಳ್ಳಿ. ವಯಸ್ಸಾದವರು ಒಬ್ಬರೇ ಇರುವ ಮನೆಯಾದರೆ ಅಕ್ಕಪಕ್ಕದವರನ್ನು ಜೊತೆಗೆ ಕರೆದುಕೊಳ್ಳಿ. ಮಹಜರಿಗೆ ಸಹಿ ಕೇಳಿದರೆ ಓದಿ ಹಾಕಿ. ಒಪ್ಪಿಗೆ ಇಲ್ಲದ ಅಂಕಿ ಇದ್ದರೆ ಸಹಿಯ ಪಕ್ಕದಲ್ಲೇ ‘ಈ ಅಳತೆಗೆ ನನ್ನ ಒಪ್ಪಿಗೆ ಇಲ್ಲ’ ಎಂದು ಬರೆಯಿರಿ. ಕೈಬೆಚ್ಚಗೆ ಮಾಡಿದರೆ ಬೇಗ ಆಗುತ್ತದೆ ಎಂದು ಹೇಳುವ ಮಧ್ಯವರ್ತಿಗಳು ಸಿಗುತ್ತಾರೆ. ಹಾಗೆ ಕಡಿಮೆಯಾದ ಕಂದಾಯಕ್ಕೆ ಕಾಗದದ ಬೆಂಬಲ ಇರುವುದಿಲ್ಲ. ಮುಂದೊಂದು ದಿನ ಅದು ನಿಮ್ಮ ಮೇಲೆಯೇ ತಿರುಗುತ್ತದೆ.

ಉತ್ತರ ಬರದಿದ್ದರೆ

ಒಂದು ತಿಂಗಳಾದರೂ ಸುದ್ದಿ ಇಲ್ಲ ಎಂದರೆ ಹಳೆಯ ಇನ್‌ವರ್ಡ್ ನಂಬರ್ ನಮೂದಿಸಿ ನೆನಪೋಲೆ ಕೊಡಿ. ಅದಕ್ಕೂ ಉತ್ತರ ಇಲ್ಲವೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದದೊಳಗೆ, ಒಂದೇ ವಿಷಯದ ಮೇಲೆ ಇರಬೇಕು. ಎರಡೇ ಕೇಳಿ: ನಿಮ್ಮ ಪತ್ರದ ಮೇಲೆ ತೆಗೆದುಕೊಂಡ ಕ್ರಮದ ಕಡತದ ಪ್ರತಿ, ಮತ್ತು ತೆರಿಗೆ ಲೆಕ್ಕ ಹಾಕಿದ ಹಾಳೆಯ ಪ್ರತಿ. 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿ ಬಿದ್ದ ಮೇಲೆ ಮೂಲ ಕಡತವೇ ಅಲುಗಾಡುವುದನ್ನು ನಾನು ಕಂಡಿದ್ದೇನೆ.

ಮನವಿ ತಿರಸ್ಕರಿಸಿ ಹಿಂಬರಹ ಅಥವಾ ಆದೇಶ ಬಂದರೆ ಅದರ ಕೊನೆಯ ಭಾಗ ಓದಿ. ಯಾರ ಮುಂದೆ, ಎಷ್ಟು ದಿನದೊಳಗೆ ಮೇಲ್ಮನವಿ ಎಂದು ಅಲ್ಲಿ ನೋಡಿ. ಬರೆದಿಲ್ಲದಿದ್ದರೆ ಮಾರನೆಯ ದಿನವೇ ವಲಯ ಸಹಾಯಕ ಆಯುಕ್ತರನ್ನು ಬರವಣಿಗೆಯಲ್ಲಿ ಕೇಳಿ. ಪಾಲಿಕೆಯಲ್ಲಿ ತೆರಿಗೆ ನಿರ್ಧರಣೆ, ಹಣಕಾಸು ಮತ್ತು ಅಪೀಲುಗಳ ಸ್ಥಾಯಿ ಸಮಿತಿ ಎಂದೇ ಒಂದಿದೆ. ಚುನಾಯಿತ ಪರಿಷತ್ತು ಇಲ್ಲದ ಅವಧಿಯಲ್ಲಿ ಆ ಅಧಿಕಾರ ಆಡಳಿತಾಧಿಕಾರಿಗಳ ಕೈಯಲ್ಲಿರುತ್ತದೆ. ನ್ಯಾಯಾಲಯದ ಮಾತು ಆಮೇಲೆ. ಅಲ್ಲಿಗೆ ಹೋಗುವ ಮುನ್ನ ವಕೀಲರ ಶುಲ್ಕವನ್ನೂ, ಹತ್ತು ವರ್ಷದಲ್ಲಿ ಉಳಿಯುವ ಹಣವನ್ನೂ ತಕ್ಕಡಿಯಲ್ಲಿಟ್ಟು ನೋಡಿ. ಸಾಮಾನ್ಯ ವಾಸದ ಮನೆಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳುವುದು ಅಪರೂಪ.

ಮಾರ್ಗಸೂಚಿ ಬೆಲೆಯೇ ಜಾಸ್ತಿ ಎನ್ನುವುದನ್ನು ಮಾತ್ರ ವಲಯ ಕಚೇರಿಯಲ್ಲಿ ವಾದಿಸಬೇಡಿ. ಅದನ್ನು ನಿಗದಿ ಮಾಡುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ವ್ಯವಸ್ಥೆ. ಹಿಂದಿನ ದೊಡ್ಡ ಪರಿಷ್ಕರಣೆ 2023ರ ಅಕ್ಟೋಬರ್ 1ರಿಂದ ಬಂತು. ಹೊಸ ಬೆಲೆ ಬರುವ ಮುನ್ನ ಕರಡು ಪಟ್ಟಿ ಪ್ರಕಟಿಸಿ ಆಕ್ಷೇಪಣೆ ಕೇಳುತ್ತಾರೆ. ಬಡಾವಣೆಯ ನಿವಾಸಿಗಳೆಲ್ಲ ಸೇರಿ ಉಪನೋಂದಣಾಧಿಕಾರಿಗಳಿಗೆ ಆಗಲೇ ಬರೆದುಕೊಡಬೇಕು.

ಸರಿಯಾದ ಮೇಲೂ ಒಂದು ಕೆಲಸ

ಅಮ್ಮನ ಮನೆಯ ದಾಖಲೆ ಸರಿಯಾಗಲು ಎರಡು ಪತ್ರ, ಒಂದು ಸ್ಥಳ ತನಿಖೆ, ಸುಮಾರು ಮೂರು ತಿಂಗಳು ಬೇಕಾಯಿತು. ಹಳೆಯ ಆರು ವರ್ಷದ ಹೆಚ್ಚುವರಿ ಪೂರ್ತಿ ವಾಪಸ್ ಬರಲಿಲ್ಲ. ಆ ವರ್ಷದ್ದು ಮಾತ್ರ ಹೊಂದಾಣಿಕೆಯಾಯಿತು. ಅದಕ್ಕೇ ಹೇಳುತ್ತಿದ್ದೇನೆ, ತಪ್ಪು ಕಂಡ ವರ್ಷವೇ ಬರೆದುಕೊಡಿ.

ಆದೇಶ ಕೈಗೆ ಬಂದ ಮೇಲೆ ಕಂಪ್ಯೂಟರಿನಲ್ಲೂ ಅಂಕಿ ಬದಲಾಗಿದೆಯಾ ಎಂದು ಅಲ್ಲೇ ನಿಂತು ನೋಡಿಸಿಕೊಳ್ಳಿ. ಇ-ಖಾತೆಯಲ್ಲಿ ಹಳೆಯ ಅಳತೆಯೇ ಉಳಿದಿದ್ದರೆ ಅದನ್ನೂ ತಿದ್ದಿಸಿ, ಮನೆ ಮಾರುವಾಗ, ಸಾಲ ತೆಗೆಯುವಾಗ ಅಳತೆ ತಾಳೆಯಾಗದೆ ತೊಂದರೆ ಬರುತ್ತದೆ. ಹಿಂಬರಹ, ಮಹಜರಿನ ಪ್ರತಿ, ರಸೀದಿ ಮೂರನ್ನೂ ಒಂದೇ ಕಡೆ ಪಿನ್ ಹಾಕಿ ಇಡಿ. ಮುಂದಿನ ಏಪ್ರಿಲ್‌ನಲ್ಲಿ ಚಲನ್ ತೆಗೆದ ತಕ್ಷಣ, ಹಣ ಕಟ್ಟುವ ಮೊದಲು, ತಿದ್ದಿಸಿದ ಆ ಒಂದು ಸಾಲನ್ನು ಓದಿ ನೋಡಿ.